ಪಾರ್ಮಾದ ಗುಮ್ಮಟದ ನೆತ್ತಿಯಲ್ಲಿ ಯಾರಿದ್ದಾರೆ?

ಮುಗಿಲುನೋಟ:

ಮಗಳು ಮಿಲಾನಿನಲ್ಲಿ ಕೆಲಸದಲ್ಲಿದ್ದಾಳೆ. ನಾನೂ ನಮ್ಮ ಯಜಮಾನರೂ ಮೂರು ತಿಂಗಳಿಗೆಂದು ಇಲ್ಲಿಗೆ ಬಂದಿದ್ದೇವೆ. ಕಳೆದ ಶನಿವಾರ ರೈಲು ಹಿಡಿದು ಪಾರ್ಮಾಕ್ಕೆ ಹೋಗಿ ಅಲ್ಲಿನ ಪ್ರಧಾನ ಇಗರ್ಜಿಯ ಗುಮ್ಮಟದ ಚಿತ್ರ ನೋಡಿ ಬಂದೆವು. ಕೊರೆಜ್ಜೊ ಎಂಬ ಚಿತ್ರಕಾರ 1530ರ ಹೊತ್ತಿಗೆ ಬರೆದು ಮುಗಿಸಿದ್ದು, ವಸ್ತು ಮರಿಯಮ್ಮನ ಸ್ವರ್ಗಾರೋಹಣ ಎಂದಷ್ಟೇ ಓದಿಕೊಂಡು ಹೋಗಿದ್ದೆ.

ಒಳಗೆ ಹೋದವಳು ನೇರ ಗುಮ್ಮಟದ ಅಡಿಯಲ್ಲಿ ನಿಂತು ಕತ್ತೆತ್ತಿದೆ. ಎಂಟು ಮೂಲೆಯ ಗುಮ್ಮಟ. ಕೆಳಗಿನ ಅಂಚಿನಲ್ಲಿ ದುಂಡನೆಯ ಕಿಟಕಿಗಳು, ಅವುಗಳ ಆಚೀಚೆ ಬೆರಗಾಗಿ ಮೇಲೆ ನೋಡುತ್ತಿರುವ ಶಿಷ್ಯರು. ಅವರ ಮೇಲೆ ಮೋಡದ ಒಂದು ಸುತ್ತು, ಅದರ ಮೇಲೆ ಇನ್ನೊಂದು. ಮೋಡಗಳ ತುಂಬ ಜನ, ದೇವದೂತರು, ಮಕ್ಕಳು. ಮುಖಗಳಿಗಿಂತ ಹೆಚ್ಚಾಗಿ ಕಾಣುವುದು ಅಂಗಾಲು, ಮೊಣಕಾಲು, ತೊಡೆ. ಇಷ್ಟೆಲ್ಲದರ ಮೇಲೆ, ಗುಮ್ಮಟದ ನೆತ್ತಿಯಲ್ಲಿ, ಹಳದಿ ಬೆಳಕಿನ ಬಯಲು.

ನಾನು ದೇವಸ್ಥಾನಗಳ ಛಾವಣಿ ನೋಡಿ ಬೆಳೆದವಳು. ನಡುವೆ ಕಮಲವಿರಬೇಕು, ಇಲ್ಲವೇ ದೇವರಿರಬೇಕು. ಉಳಿದದ್ದೆಲ್ಲ ಅಲ್ಲಿಂದ ಹಬ್ಬಬೇಕು. ಇಲ್ಲಿ ಆ ಜಾಗದಲ್ಲಿ ಗಡ್ಡವಿಲ್ಲದ ಒಬ್ಬ ತರುಣ ಆಧಾರವಿಲ್ಲದೆ ಗಾಳಿಯಲ್ಲಿ ಕಾಲು ಚಾಚಿಕೊಂಡು ತೇಲುತ್ತಿದ್ದಾನೆ. ಮರಿಯಮ್ಮನನ್ನು ಆ ಜನಜಂಗುಳಿಯಲ್ಲಿ ಹುಡುಕಿಯೇ ಕಂಡುಕೊಳ್ಳಬೇಕಾಯಿತು. ಯಜಮಾನರು ಕತ್ತು ನೋಯುತ್ತದೆಂದು ಹೋಗಿ ಬೆಂಚಿನ ಮೇಲೆ ಕುಳಿತರು. ನನಗೆ ಅಲ್ಲಿ ಆದದ್ದು ನಿರಾಸೆ. ಆದರೆ ಮನೆಗೆ ಬಂದ ಮೇಲೆ ಮೂರು ದಿನದಿಂದ ಕಣ್ಣು ಮುಚ್ಚಿದರೆ ಅದೇ ಗುಮ್ಮಟ. ಬಲ್ಲವರು ಹೇಳಿ: ಆ ನೆತ್ತಿಯಲ್ಲಿರುವವನು ಯಾರು? ಸ್ವರ್ಗವನ್ನು ಹೀಗೇಕೆ ಬರೆದ?

ಕಡಲತಡಿ:

ಅಕ್ಕಾ, ಮೊದಲು ಒಂದು ಪದದ ಮಾತು. ನಮ್ಮ ಇಗರ್ಜಿಗಳಲ್ಲಿ ಸ್ವರ್ಗಾರೋಹಣ ಎನ್ನುವುದು ಯೇಸುವಿಗೆ. ಅವರು ತಮ್ಮ ಶಕ್ತಿಯಿಂದಲೇ ಏರಿದವರು. ಮರಿಯಮ್ಮನವರದು ಸ್ವರ್ಗಸ್ವೀಕಾರ, ಆಗಸ್ಟ್ 15ರ ಹಬ್ಬ. ಅವರು ತಾವಾಗಿ ಏರಲಿಲ್ಲ, ಅವರನ್ನು ಎತ್ತಿಕೊಳ್ಳಲಾಯಿತು. ಪಾರ್ಮಾದ ಆ ಇಗರ್ಜಿ ಸ್ವರ್ಗಸ್ವೀಕಾರದ ಮಾತೆಗೇ ಅರ್ಪಿತವಾದದ್ದು. ಈ ವ್ಯತ್ಯಾಸ ತಿಳಿದರೆ ಚಿತ್ರ ಅರ್ಧ ಬಿಡಿಸಿಕೊಳ್ಳುತ್ತದೆ. ಆ ಮೋಡಗಳಲ್ಲಿ ಅಷ್ಟೊಂದು ದೇವದೂತರು ಹೆಗಲು ಕೊಟ್ಟು, ಕೈ ಕೊಟ್ಟು ನೂಕುತ್ತಿರುವುದು ಅದಕ್ಕೇ. ತಾಯಿ ಕೈಗಳನ್ನು ಅಗಲಿಸಿ ಅವರಿಗೆ ತಮ್ಮನ್ನು ಒಪ್ಪಿಸಿಕೊಂಡಿದ್ದಾರೆ.

ನೆತ್ತಿಯಲ್ಲಿರುವವರು ಯೇಸುವೇ, ತಾಯಿಯನ್ನು ಎದುರುಗೊಳ್ಳಲು ಇಳಿದು ಬರುತ್ತಿದ್ದಾರೆ ಎಂಬುದು ಹೆಚ್ಚಿನವರ ಅಭಿಪ್ರಾಯ. ಗಡ್ಡವಿಲ್ಲದ್ದರಿಂದ ಒಪ್ಪದ ವಿದ್ವಾಂಸರೂ ಇದ್ದಾರೆ. ನನ್ನ ಮಟ್ಟಿಗೆ ಅದು ಮಗನೇ. ತಾಯಿ ಬಂದಳೆಂದರೆ ಮಗ ಸಿಂಹಾಸನದಲ್ಲಿ ಕುಳಿತೇ ಇರುತ್ತಾನೆಯೇ?

ಮರಿಯಮ್ಮನವರ ಪಕ್ಕದ ಮೋಡದಲ್ಲಿ ಕೈಯಲ್ಲಿ ಸೇಬು ಹಿಡಿದ ಹೆಂಗಸನ್ನು ಕಂಡಿರಾ? ಅವಳು ಹವ್ವ. ಸ್ವರ್ಗವನ್ನು ಕಳೆದುಕೊಂಡವಳು ಅದೇ ಹಣ್ಣನ್ನು ಹಿಡಿದು ಸ್ವರ್ಗದಲ್ಲಿ ಕುಳಿತಿದ್ದಾಳೆ. ನನಗೆ ಇಡೀ ಗುಮ್ಮಟದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಆಕೃತಿ ಅದು.

ಚಿತ್ರದ ಮೇಷ್ಟ್ರು:

ನಲವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವನು ನಾನು. ಕಡಲತಡಿಯವರು ಅರ್ಥ ಹೇಳಿದರು, ನಾನು ಕಣ್ಣಿನ ವಿಷಯ ಹೇಳುತ್ತೇನೆ.

ಗ್ರೀಸಿನ ಅಥೆನ್ಸ್ ಬಳಿ ದಾಫ್ನಿ ಎಂಬಲ್ಲಿ ಸುಮಾರು 1100ರ ಒಂದು ಗುಮ್ಮಟವಿದೆ. ನೆತ್ತಿಯಲ್ಲಿ ಬಂಗಾರದ ಹಿನ್ನೆಲೆಯ ಮೇಲೆ ಕ್ರಿಸ್ತನ ಮುಖ, ದಪ್ಪ ಹುಬ್ಬು, ಕೈಯಲ್ಲಿ ಗ್ರಂಥ. ಅಲ್ಲಿ ನೀವು ಸ್ವರ್ಗವನ್ನು ನೋಡುವುದಕ್ಕಿಂತ ಹೆಚ್ಚಾಗಿ ಸ್ವರ್ಗ ನಿಮ್ಮನ್ನು ನೋಡುತ್ತದೆ. ಪೂರ್ವದ ಇಗರ್ಜಿಗಳಲ್ಲಿ ಇಂದಿಗೂ ಕ್ರಮ ಹಾಗೆಯೇ. ಮೇಲಿರುವವನು ಕೆಳಗಿನವರನ್ನು ದಿಟ್ಟಿಸುತ್ತಾನೆ, ಅವನ ಆಕೃತಿ ಕುಗ್ಗುವುದಿಲ್ಲ, ಓರೆಯಾಗುವುದಿಲ್ಲ.

ಇಟಲಿಯಲ್ಲಿ ಇದು ಬದಲಾದದ್ದಕ್ಕೆ ಒಂದು ದೊಡ್ಡ ಗುರುತು ಮಾಂತುವಾದ ಅರಮನೆಯ ಒಂದು ಕೋಣೆ. ಮಾಂತೆನ್ಯಾ ಎಂಬ ಚಿತ್ರಕಾರ 1474ರಲ್ಲಿ ಮುಗಿಸಿದ್ದು. ಛಾವಣಿಯ ನಡುವೆ ಆಕಾಶಕ್ಕೆ ತೆರೆದ ದುಂಡು ಬಾಯಿ ಇರುವಂತೆ ಬರೆದು, ಅದರ ಕಟ್ಟೆಯಿಂದ ಹೆಂಗಸರೂ ಮಕ್ಕಳೂ ಕೆಳಗೆ ಇಣುಕುವಂತೆ ಮಾಡಿದ. ಗಿಡದ ತೊಟ್ಟಿಯೊಂದು ಒಂದೇ ಕೋಲಿನ ಮೇಲೆ ನಿಂತಿದೆ, ಈಗಲೋ ಆಗಲೋ ತಲೆಯ ಮೇಲೆ ಬೀಳುವಂತೆ. ಕೆಳಗಿನಿಂದ ಮೇಲಕ್ಕೆ ನೋಡಿದರೆ ಹೇಗೆ ಕಾಣುತ್ತದೋ ಹಾಗೆಯೇ ಬರೆಯುವ ಈ ರೀತಿಗೆ ಅಲ್ಲಿನವರು ‘ಸೊತ್ತೊ ಇನ್ ಸು’ ಎನ್ನುತ್ತಾರೆ. ನಿಂತವನ ಪಾದ ದೊಡ್ಡದು, ತಲೆ ಚಿಕ್ಕದು. ಹೇಳುವುದು ಸುಲಭ. ಮೇಜಿನ ಕೆಳಗೆ ಮಲಗಿ ಮೇಲೆ ಕುಳಿತವರನ್ನು ಬರೆಯಲು ಮಕ್ಕಳಿಗೆ ಹೇಳುತ್ತಿದ್ದೆ, ಹತ್ತರಲ್ಲಿ ಒಬ್ಬರಿಗೆ ಬರುತ್ತಿತ್ತು.

ಕೊರೆಜ್ಜೊ ಇದನ್ನು ಕೋಣೆಯಿಂದ ಗುಮ್ಮಟಕ್ಕೆ ಒಯ್ದ. ಪಾರ್ಮಾದಲ್ಲೇ, ಅದೇ ಇಗರ್ಜಿಯ ಹಿಂಬದಿಯಲ್ಲಿ, ಸಂತ ಜಾನರ ಮಠದ ಗುಮ್ಮಟವನ್ನು ಮೊದಲು ಬರೆದ, 1520ರಿಂದ 1524ರ ನಡುವೆ. ಯೇಸುವಿನ ಶಿಷ್ಯ ಜಾನ್ ಮುದಿವಯಸ್ಸಿನಲ್ಲಿ ಕಂಡ ದರ್ಶನ ಅದರ ವಸ್ತು. ಬೆಳಕಿನ ನಡುವೆ ಕ್ರಿಸ್ತ, ಸುತ್ತ ಮೋಡಗಳ ಮೇಲೆ ಶಿಷ್ಯರು. ದರ್ಶನ ಕಾಣುತ್ತಿರುವ ಜಾನನನ್ನು ಮಾತ್ರ ಒಂದು ಅಂಚಿಗೆ ಇಟ್ಟಿದ್ದಾನೆ. ಜನ ಕೂರುವ ಕಡೆಯಿಂದ ಅವನು ಕಾಣುವುದಿಲ್ಲ, ಸನ್ಯಾಸಿಗಳು ಕೂತು ಪ್ರಾರ್ಥಿಸುವ ಕಡೆಯಿಂದ ಕಾಣುತ್ತಾನೆ. ಸನ್ಯಾಸಿಗಳ ಪಾಲಿಗೆ ಅದು ಜಾನನ ಚಿತ್ರ. ಜನರ ಪಾಲಿಗೆ ನಡುವೆ ಜಾನನಿಲ್ಲ, ಅವನು ಕಂಡದ್ದು ನೇರವಾಗಿ ಅವರದೇ. ಎಲ್ಲಿ ನಿಂತವರಿಗೆ ಏನು ಕಾಣಬೇಕು ಎಂದು ಆ ಮನುಷ್ಯ ಅಳೆದು ಇಟ್ಟಿದ್ದ. ಆದ್ದರಿಂದ ತಾಯಿ, ನೀವು ನೇರ ಗುಮ್ಮಟದ ಅಡಿಗೆ ಹೋಗಿ ನಿಂತದ್ದೇ ತಪ್ಪಿರಬಹುದು.

ಕಾಲುಗಳ ಬಗ್ಗೆ ದೂರಿದವರಲ್ಲಿ ನೀವು ಮೊದಲಿಗರಲ್ಲ. ಅಲ್ಲಿನ ಪಾದ್ರಿಯೊಬ್ಬರು ಇದನ್ನು ಕಪ್ಪೆಗಳ ಗೊಜ್ಜು ಎಂದರೆಂದೂ, ಗುಮ್ಮಟವನ್ನು ಬೋರಲು ಹಾಕಿ ಬಂಗಾರ ತುಂಬಿಕೊಟ್ಟರೂ ಬೆಲೆ ಸಾಲದು ಎಂದು ವೆನಿಸಿನ ಹೆಸರಾಂತ ಚಿತ್ರಕಾರ ಟಿಷಿಯನ್ ಹೇಳಿದನೆಂದೂ ಕಥೆಗಳಿವೆ. ಕಥೆಗಳು ಕಥೆಗಳೇ, ಆದರೆ ಎರಡೂ ಒಂದೇ ಗುಮ್ಮಟದ ಬಗ್ಗೆ ಹುಟ್ಟಿಕೊಂಡವು.

ದೂರದೂರು:

ಮೇಷ್ಟ್ರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಈ ಬದಲಾವಣೆಯಲ್ಲಿ ಕಳೆದುಹೋದದ್ದು ದೊಡ್ಡದು. ನಾನು ರವೆನ್ನಾದಲ್ಲಿ ಗಲ್ಲಾ ಪ್ಲಾಚಿದಿಯಾ ಎಂಬ ರೋಮನ್ ರಾಣಿಯ ಹೆಸರಿನ ಸಮಾಧಿಮಂದಿರ ನೋಡಿದ್ದೇನೆ. ಐದನೆಯ ಶತಮಾನದ್ದು. ಹೊರಗಿನಿಂದ ಸಾದಾ ಇಟ್ಟಿಗೆಯ ಪುಟ್ಟ ಕಟ್ಟಡ. ಬಾಗಿ ಒಳಗೆ ಹೋದರೆ ಕಡುನೀಲಿ ರಾತ್ರಿ, ಬಂಗಾರದ ನಕ್ಷತ್ರಗಳು, ನಡುವೆ ಒಂದು ಶಿಲುಬೆ. ಅಷ್ಟೇ. ಅಲ್ಲಿ ಯಾರೂ ಯಾರನ್ನೂ ನೂಕುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಹೋದವನು ಹೊರಬಂದಾಗ ಬಿಸಿಲು ನೋಡಿ ಬೆಚ್ಚಿದೆ.

ಆರನೆಯ ಶತಮಾನದ ಪ್ರೊಕೋಪಿಯಸ್ ಎಂಬ ಇತಿಹಾಸಕಾರ ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾದ ಬಗ್ಗೆ ಬರೆಯುತ್ತ, ಆ ಗುಮ್ಮಟ ಗೋಡೆಗಳ ಮೇಲೆ ನಿಂತಿಲ್ಲ, ಸ್ವರ್ಗದಿಂದ ಬಂಗಾರದ ಸರಪಣಿಯಲ್ಲಿ ಇಳಿಬಿಟ್ಟಂತಿದೆ ಎಂದ. ಬುಡದಲ್ಲಿ ನಲವತ್ತು ಕಿಟಕಿಗಳು. ಅವುಗಳ ಬೆಳಕಿನಲ್ಲಿ ಆಧಾರವೇ ಮಾಯವಾಗುತ್ತದೆ. ಸ್ವರ್ಗಕ್ಕೆ ಬೆಳಕು ಸಾಕು. ಅಂಗಾಲು, ತೊಡೆ ಯಾಕೆ ಬೇಕು?

ರೇಖಾಗಣಿತ:

ನಾನು ಸಿವಿಲ್ ಎಂಜಿನಿಯರ್. ನನಗೆ ಈ ಲೋಕ ತೆರೆದದ್ದು ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿ. ಅಲ್ಲಿ ನಿಜವಾದ ಗುಮ್ಮಟ ಕಟ್ಟಲಾಗಲಿಲ್ಲ. 1685ರಲ್ಲಿ ಅಂದ್ರೆಯಾ ಪೊಟ್ಸೊ ಎಂಬ ಜೆಸ್ವಿಟ್ (ಯೇಸುಸಭೆ ಎಂಬ ಸನ್ಯಾಸಿಸಂಘದ) ಸಹೋದರ ಕ್ಯಾನ್ವಾಸ್ ಬಟ್ಟೆಯ ಮೇಲೆ ಗುಮ್ಮಟವೊಂದನ್ನು ಬರೆದು ಆ ಜಾಗದಲ್ಲಿ ಅಡ್ಡಲಾಗಿ ಕೂರಿಸಿದ. ಕಂಬ, ಕಿಟಕಿ, ಮೇಲಿನ ದೀಪಗೋಪುರ ಎಲ್ಲ ಬಣ್ಣವೇ. ಆಮೇಲೆ ಬಾಗಿದ ನಡುಛಾವಣಿಯನ್ನೂ ಬರೆದು 1694ರಲ್ಲಿ ಮುಗಿಸಿದ. ಕೆಳಗಿನ ನಿಜವಾದ ಗೋಡೆಗಳು ಚಿತ್ರದೊಳಗೆ ಇನ್ನೂ ಒಂದು ಅಂತಸ್ತು ಬೆಳೆದು ಆಕಾಶಕ್ಕೆ ತೆರೆದುಕೊಳ್ಳುತ್ತವೆ. ದೇವರ ಬೆಳಕು ಕ್ರಿಸ್ತನ ಮೂಲಕ ಆ ಸಭೆಯನ್ನು ಕಟ್ಟಿದ ಇಗ್ನೇಷಿಯಸನ ಎದೆಗೆ ಬಂದು, ಅಲ್ಲಿಂದ ನಾಲ್ಕು ಖಂಡಗಳಿಗೆ ಹರಿಯುತ್ತದೆ.

ಬಾಗಿದ ಮೈಯ ಮೇಲೆ ನೇರ ಕಂಬ ಕಾಣುವಂತೆ ಬರೆಯುವುದು ಹೇಗೆ? ಅವನೇ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಕಮಾನು ಶುರುವಾಗುವ ಎತ್ತರದಲ್ಲಿ ದಾರಗಳ ಬಲೆಯನ್ನು ಅಡ್ಡಲಾಗಿ ಕಟ್ಟಬೇಕು. ಕೆಳಗೆ ನೋಡುವವನ ಕಣ್ಣಿರುವ ಜಾಗದಲ್ಲಿ ದೀಪ ಇಡಬೇಕು. ಬಲೆಯ ನೆರಳು ಮೇಲಿನ ಬಾಗಿದ ಗಾರೆಯ ಮೇಲೆ ಸೊಟ್ಟಸೊಟ್ಟಾಗಿ ಬೀಳುತ್ತದೆ. ಆ ಸೊಟ್ಟ ಚೌಕಗಳಿಗೆ ಕಾಗದದ ಮೇಲಿನ ನೇರ ಚೌಕಗಳ ಚಿತ್ರವನ್ನು ದಾಟಿಸಬೇಕು. ಬೆಳಕು ಅಷ್ಟು ಎತ್ತರಕ್ಕೆ ಮುಟ್ಟದಿದ್ದರೆ ದೀಪದ ಬದಲು ಆ ಬಿಂದುವಿನಿಂದಲೇ ದಾರ ಎಳೆಯಬೇಕು. ಇಷ್ಟು ಸರಳ, ಇಷ್ಟು ಕಷ್ಟ. ನೆಲದಲ್ಲಿ ಅಮೃತಶಿಲೆಯ ಒಂದು ಬಿಲ್ಲೆ ಕೂರಿಸಿದ್ದಾರೆ. ಅದರ ಮೇಲೆ ನಿಂತರೆ ಸ್ವರ್ಗ ನೆಟ್ಟಗೆ ನಿಲ್ಲುತ್ತದೆ.

ದೂರದೂರು:

ಬಿಲ್ಲೆ ಬಿಟ್ಟು ಹತ್ತು ಹೆಜ್ಜೆ ಆಚೆ ಹೋದರೆ?

ರೇಖಾಗಣಿತ:

ಕಂಬಗಳೆಲ್ಲ ವಾಲುತ್ತವೆ. ಮುಚ್ಚಿಡುವ ವಿಷಯವಲ್ಲ. ಪೊಟ್ಸೊ ಬದುಕಿದ್ದಾಗಲೇ ಈ ಆಕ್ಷೇಪ ಬಂದಿತ್ತು, ಅವನು ಉತ್ತರ ಕೊಟ್ಟಿದ್ದಾನೆ. ಎಲ್ಲ ಕಡೆಯಿಂದಲೂ ಸರಿ ಕಾಣಬೇಕೆಂದರೆ ಚಿತ್ರದಲ್ಲಿ ಹಲವು ಬಿಂದುಗಳನ್ನು ಇಡಬೇಕಾಗುತ್ತದೆ. ಹಾಗೆ ಇಟ್ಟರೆ ಯಾವ ಕಡೆಯಿಂದಲೂ ಸರಿ ಕಾಣುವುದಿಲ್ಲ. ಗ್ರಂಥದ ಆರಂಭದಲ್ಲಿ ಓದುಗನಿಗೆ ಹೇಳುವ ಮಾತೂ ಅದೇ ಜಾಡಿನದು: ನಿನ್ನ ಕೆಲಸದ ಎಲ್ಲ ಗೆರೆಗಳನ್ನೂ ಒಂದೇ ನಿಜವಾದ ಬಿಂದುವಿಗೆ, ದೇವರ ಮಹಿಮೆಗೆ ಎಳೆ. ಅವನಿಗೆ ಅದು ಗಣಿತವೂ ಹೌದು, ಪ್ರಾರ್ಥನೆಯೂ ಹೌದು. ನೀವು ಅದನ್ನು ಕಣ್ಕಟ್ಟು ಎನ್ನಬಹುದು. ನಾನು ಆ ಬಿಲ್ಲೆಯ ಮೇಲೆ ನಿಂತಾಗ ನನ್ನ ಹಿಂದೆ ಸಾಲು ಬೆಳೆದದ್ದು ಗೊತ್ತಾಗದಷ್ಟು ಹೊತ್ತು ನಿಂತೆ.

ಗಾರೆಕೆಲಸ:

ನೋಡುವವರ ಮಾತಾಯಿತು, ಈಗ ಮೇಲೆ ಹತ್ತಿದವನ ಮಾತು. ನಾನು ಹಳೆಯ ಕಟ್ಟಡಗಳ ಸುಣ್ಣದ ಗಾರೆ ದುರಸ್ತಿ ಮಾಡುವವನು.

ಹಸಿ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು ಫ್ರೆಸ್ಕೊ. ಗಾರೆ ಒಣಗುವಾಗ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಉಳಿಯುತ್ತದೆ. ಆದ್ದರಿಂದ ಒಂದು ದಿನದಲ್ಲಿ ಬರೆಯುವಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯಬೇಕು. ಇಟಲಿಯವರು ಆ ತುಂಡಿಗೆ ‘ಜೊರ್ನಾತಾ’, ಅಂದರೆ ಒಂದು ದಿನದ ಕೆಲಸ ಎನ್ನುತ್ತಾರೆ. ಹತ್ತಿರದಿಂದ ನೋಡಿದರೆ ಒಂದು ದಿನದ ಗಾರೆ ಇನ್ನೊಂದರ ಮೇಲೆ ಏರಿದ ಅಂಚು ಬೆರಳಿಗೆ ಸಿಗುತ್ತದೆ. ತಪ್ಪಿದರೆ ಕೆತ್ತಿ ತೆಗೆದು ಮರುದಿನ ಹೊಸದಾಗಿ ಬಳಿಯಬೇಕು.

ಈಗ ಕೊರೆಜ್ಜೊನನ್ನು ನೆನೆಯಿರಿ. ಅಟ್ಟಣಿಗೆಯ ಮೇಲೆ, ಗಾರೆಗೂ ಮೂಗಿಗೂ ಒಂದು ಮೊಳ ಅಂತರದಲ್ಲಿ ನಿಂತಿದ್ದಾನೆ. ಕಾಲ ಕೆಳಗಿನ ಹಲಗೆಗಳೇ ಕೆಳಗಿನ ನೋಟವನ್ನು ಮರೆಮಾಡಿವೆ. ಅವನ ಕಣ್ಣೆದುರಿಗಿರುವುದು ಉಬ್ಬಿದ ಒಂದು ತೊಡೆ, ಅದರ ಹಿಂದೆ ಮೊಟಕಾದ ಒಂದು ತಲೆ. ಅದು ಎಷ್ಟೋ ಅಡಿ ಕೆಳಗೆ ನಿಂತವರಿಗೆ ತೇಲುವ ದೇಹವಾಗಿ ಕಾಣುತ್ತದೆ ಎಂದು ಅವನು ನಂಬಿಯೇ ಬರೆಯಬೇಕು. ಹಲಗೆ ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಆ ನಂಬಿಕೆಯ ಬಗ್ಗೆ ಯಾರೂ ಬರೆಯುವುದಿಲ್ಲವೆಂದು ನಾನು ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಛಾವಣಿಯ ಚಿತ್ರ ಸಾಯುವುದು ಮೇಲಿನಿಂದ. ನೀರು ಮೇಲಿನ ಕಲ್ಲಿನ ಸಂದಿಯಲ್ಲಿ ಇಳಿದು, ಉಪ್ಪನ್ನು ಹೊತ್ತುಕೊಂಡು ಬಂದು, ಚಿತ್ರದ ಹಿಂದೆ ಹರಳುಗಟ್ಟಿ ಬಣ್ಣವನ್ನು ಹೊರಕ್ಕೆ ನೂಕುತ್ತದೆ. ನಾನು ಕೆಲಸ ಮಾಡಿದ ಒಂದು ಮಂಟಪದಲ್ಲಿ ಸೋರಿಕೆ ನಿಲ್ಲಿಸಲೆಂದು ಮೇಲೆ ಸಿಮೆಂಟ್ ಹಾಕಿಸಿದ್ದರು. ಉಸಿರಾಡುವ ಸುಣ್ಣದ ಮೇಲೆ ಉಸಿರಾಡದ ಸಿಮೆಂಟ್. ಒಳಗಿನ ತೇವಕ್ಕೆ ಹೊರಬರಲು ಚಿತ್ರದ ಮುಖವೊಂದೇ ದಾರಿಯಾಯಿತು. ಎರಡು ಮಳೆಗಾಲದಲ್ಲಿ ಒಂದು ಇಡೀ ಪಟ್ಟಿ ಉದುರಿತು. ಚೂರುಗಳನ್ನು ನಾನೇ ತಟ್ಟೆಯಲ್ಲಿ ಆಯ್ದಿಟ್ಟೆ. ದಯವಿಟ್ಟು ನಿಮ್ಮ ಊರಿನ ಹಳೆಯ ಮಂಟಪದ ಮೇಲೆ ಸಿಮೆಂಟ್ ಚೀಲ ಏರುವುದನ್ನು ಕಂಡರೆ ಸುಮ್ಮನಿರಬೇಡಿ.

ಬೆಳಗೊಳದವರು:

ನಮ್ಮಲ್ಲಿ ಛಾವಣಿಯ ನಡುವಿನ ಈ ಜಾಗಕ್ಕೆ ಭುವನೇಶ್ವರಿ ಎಂಬ ಹೆಸರೇ ಇದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಎದುರಿನ ಮಂಟಪದ ಛಾವಣಿ ನೋಡಿದ್ದೀರಾ? ಒಂಬತ್ತು ಅಂಕಣ. ಎಂಟರಲ್ಲಿ ಅಷ್ಟದಿಕ್ಪಾಲಕರು. ನಡುವಿನದರಲ್ಲಿ ಗೊಮ್ಮಟನಿಗೆ ಅಭಿಷೇಕ ಮಾಡಲು ಕಲಶ ಹಿಡಿದ ಇಂದ್ರ. ಎದುರಿಗೆ ಆ ಮಹಾಮೂರ್ತಿ ಇರುವಾಗ ಕತ್ತೆತ್ತಿ ಛಾವಣಿ ನೋಡುವವರು ಯಾರು? ನಾನೇ ಹತ್ತಾರು ಸಲ ಹೋಗಿ ಬಂದ ಮೇಲೆ ನೋಡಿದ್ದು.

ಅಲ್ಲಿ ಇಂದ್ರ ತನ್ನ ಲೋಕವನ್ನು ತೋರಿಸಲು ಬಂದಿಲ್ಲ. ಎಲ್ಲವನ್ನೂ ಬಿಟ್ಟು ನಿಂತವನ ಸೇವೆಗೆ ಇಳಿದಿದ್ದಾನೆ. ಪಾರ್ಮಾದ ನೆತ್ತಿಯಲ್ಲಿ ಮಗ ಇಳಿದು ಬರುತ್ತಿದ್ದಾನೆ ಎಂದು ಕಡಲತಡಿಯವರು ಬರೆದದ್ದನ್ನು ಓದಿದಾಗ ನನಗೆ ಈ ಇಂದ್ರ ನೆನಪಾದ. ಧರ್ಮ ಬೇರೆ, ಅರ್ಥ ಬೇರೆ, ಬೆರೆಸಬಾರದು. ನೆನಪಾದದ್ದನ್ನು ಹೇಳಿದೆ, ಅಷ್ಟೇ.

ಚಿತ್ರದ ಮೇಷ್ಟ್ರು:

ಬೆಳಗೊಳದವರಿಗೆ ಒಂದು ಸಣ್ಣ ಸೇರಿಕೆ. ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದಲ್ಲಿ, ಲೇಪಾಕ್ಷಿಯಲ್ಲಿ ಛಾವಣಿಯ ಚಿತ್ರಗಳು ಪಟ್ಟಿಪಟ್ಟಿಯಾಗಿ ಸಾಗುತ್ತವೆ. ವಿದ್ಯಾರಣ್ಯರ ಮೆರವಣಿಗೆಯನ್ನು ನೋಡಬೇಕಾದರೆ ನೀವೂ ಮೆರವಣಿಗೆಯ ಜೊತೆ ಹೆಜ್ಜೆ ಹಾಕಬೇಕು. ಅಲ್ಲಿ ಯಾರೂ ನೆಲದಲ್ಲಿ ಬಿಲ್ಲೆ ಕೂರಿಸಿ ಇಲ್ಲೇ ನಿಲ್ಲು ಎನ್ನುವುದಿಲ್ಲ. ಪೊಟ್ಸೊ ನಿಲ್ಲಿಸುತ್ತಾನೆ, ನಮ್ಮವರು ನಡೆಸುತ್ತಾರೆ. ಕೊರೆಜ್ಜೊ ಇಬ್ಬರ ನಡುವಿನವನು ಎಂದು ನನಗೆ ಅನಿಸುತ್ತದೆ. ಮುಗಿಲುನೋಟ ಅವರೇ, ಇನ್ನೊಮ್ಮೆ ಹೋಗುವುದಾದರೆ ಪಶ್ಚಿಮದ ಬಾಗಿಲಿನಿಂದ ನಿಧಾನವಾಗಿ ನಡೆದು ಹೋಗಿ.

ವಿಜಯಪುರದ ಓದುಗ:

ಎಲ್ಲರೂ ಚಿತ್ರದ ಬಗ್ಗೆ ಬರೆದಿದ್ದೀರಿ. ನಮ್ಮ ಗೋಲಗುಮ್ಮಟದ ಒಳಗೆ ಮೇಲೆ ನೋಡಿದರೆ ಸುಮಾರು 38 ಮೀಟರ್ ಅಗಲದ ಬರಿಯ ಬಯಲು. ಆಕೃತಿಯಿಲ್ಲ, ನಕ್ಷತ್ರವೂ ಇಲ್ಲ. ಚಿಕ್ಕವನಿದ್ದಾಗ ಅಜ್ಜ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಕರೆದುಕೊಂಡು ಹೋಗುತ್ತಿದ್ದರು, ಗದ್ದಲ ಶುರುವಾಗುವ ಮೊದಲು. ಮೇಲಿನ ಸುತ್ತುಮೊಗಸಾಲೆಯಲ್ಲಿ ನನ್ನನ್ನು ಗೋಡೆಗೆ ಕಿವಿಯಿಟ್ಟು ಕೂರಿಸಿ, ಎದುರು ಬದಿಗೆ ಹೋಗಿ ನನ್ನ ಹೆಸರನ್ನು ಪಿಸುಗುಡುತ್ತಿದ್ದರು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಈಗಲೂ ಹೋದಾಗ ಆ ಗೋಡೆಗೆ ಕಿವಿಯಿಡುತ್ತೇನೆ.

ಕಡಲತಡಿ:

ರೇಖಾಗಣಿತ ಅವರು ಸಂತ ಇಗ್ನೇಷಿಯಸ್ ಇಗರ್ಜಿಯ ಮಾತೆತ್ತಿದ್ದಕ್ಕೆ ಇದನ್ನು ಬರೆಯಲೇಬೇಕು. ಆ ಇಗರ್ಜಿಯಲ್ಲೇ ಸಂತ ಅಲೋಶಿಯಸ್ ಗೊನ್ಜಾಗರ ಸಮಾಧಿ ಇದೆ. ಅವರ ಪೀಠದ ವಿನ್ಯಾಸವೂ ಪೊಟ್ಸೊ ಅವರದೇ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಹರಡಿದಾಗ ರೋಗಿಗಳ ಸೇವೆ ಮಾಡುತ್ತ ತಾವೂ ರೋಗ ತಗುಲಿ ತೀರಿಕೊಂಡವರು ಅವರು. ವಯಸ್ಸು ಇಪ್ಪತ್ತಮೂರು. ಮೇಷ್ಟ್ರು ಹೇಳಿದ ಮಾಂತುವಾದ ಆ ಕೋಣೆ ಯಾರ ಅರಮನೆಯದು? ಗೊನ್ಜಾಗ ವಂಶದ್ದು. ಅದೇ ವಂಶದ ಹುಡುಗ ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಮಠ ಸೇರಿದ.

ಆ ಸಂತನ ಬದುಕು ನಮ್ಮ ಮಂಗಳೂರಿನ ಲೈಟ್‌ಹೌಸ್ ಹಿಲ್‌ನ ಅಲೋಶಿಯಸ್ ಚಾಪೆಲ್‌ನ ಛಾವಣಿಯ ಮೇಲಿದೆ. ಬರೆದವರು ಅಂತೋನಿಯೊ ಮೊಸ್ಕೇನಿ, ಇಟಲಿಯ ಬೆರ್ಗಮೊ ಕಡೆಯವರು, ಪೊಟ್ಸೊ ಅವರಂತೆಯೇ ಜೆಸ್ವಿಟ್ ಸಹೋದರ. 1899ರಿಂದ 1901ರವರೆಗೆ ಬರೆದರು. ಗೋಡೆಗಳಿಗೆ ಫ್ರೆಸ್ಕೊ, ಛಾವಣಿಗೆ ಕ್ಯಾನ್ವಾಸ್ ಮೇಲೆ ತೈಲವರ್ಣ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಮರಳಿ ಊರು ಕಾಣಲಿಲ್ಲ.

ಮುಗಿಲುನೋಟ:

ಎಲ್ಲರಿಗೂ ನಮಸ್ಕಾರ. ಇಂದು ಮತ್ತೆ ಹೋಗಿ ಬಂದೆವು. ಮೇಷ್ಟ್ರೇ, ನೀವು ಹೇಳಿದಂತೆಯೇ ಪಶ್ಚಿಮದ ಬಾಗಿಲಿನಿಂದ ನಡೆದೆ. ಮೊದಲು ಗುಮ್ಮಟವೇ ಕಾಣುವುದಿಲ್ಲ, ಕಮಾನುಗಳಷ್ಟೇ. ಇನ್ನಷ್ಟು ನಡೆದರೆ ಬೆರಗಾದ ಶಿಷ್ಯರು. ಅವರು ಏನನ್ನು ನೋಡುತ್ತಿದ್ದಾರೆಂದು ನಮಗಿನ್ನೂ ಕಾಣದು. ಇನ್ನೂ ಹತ್ತಿರವಾದಂತೆ ಮೋಡಗಳು ಇಳಿದು ಬಂದಂತೆ ಒಂದೊಂದಾಗಿ ಬಿಚ್ಚಿಕೊಂಡವು. ಈ ಸಲ ಮರಿಯಮ್ಮನನ್ನು ಹುಡುಕಬೇಕಾಗಲಿಲ್ಲ, ಚಾಚಿದ ಕೈಗಳೇ ಕಂಡವು. ಪಕ್ಕದಲ್ಲಿ ಸೇಬು ಹಿಡಿದ ಹವ್ವ. ನೆತ್ತಿಯ ತರುಣ ಕಂಡದ್ದು ಎಲ್ಲಕ್ಕಿಂತ ಕೊನೆಗೆ, ಮೆಟ್ಟಿಲುಗಳ ಬಳಿ ಬಂದಾಗ. ಹೋದ ಸಲ ನಾನು ಅವನನ್ನೇ ಮೊದಲು ನೋಡಿದ್ದೆ. ಕಥೆಯ ಕೊನೆಯ ಸಾಲನ್ನು ಮೊದಲು ಓದಿದ ಹಾಗಾಗಿತ್ತು.

ದೂರದೂರು ಅವರೇ, ನಿಮ್ಮ ನೀಲಿ ರಾತ್ರಿಯನ್ನೂ ನೋಡಬೇಕೆಂದಿದ್ದೇನೆ. ಆದರೆ ಅಂಗಾಲು ಯಾಕೆ ಎಂದು ಕೇಳಿದಿರಲ್ಲ? ಯಾರನ್ನಾದರೂ ಮೇಲಕ್ಕೆ ಎತ್ತಿ ಕಳಿಸಿದವರಿಗೆ ಕೊನೆಗೆ ಕಾಣುವುದು ಅಂಗಾಲೇ. ಮಗಳು ವಿಮಾನ ಹತ್ತಲು ಎಸ್ಕಲೇಟರ್‌ನಲ್ಲಿ ಮೇಲೆ ಹೋದಾಗ ಕೆಳಗೆ ನಿಂತ ನನಗೆ ಕೊನೆಗೆ ಕಂಡದ್ದು ಅವಳ ಚಪ್ಪಲಿಯ ಅಡಿ. ಇಂದು ಶಿಷ್ಯರ ಸಾಲಿನ ಕೆಳಗೆ ನಿಂತಾಗ ಅದು ನೆನಪಾಯಿತು.

ಹಿಂದಿನ ಮಠದ ಗುಮ್ಮಟವನ್ನೂ ನೋಡಿದೆವು. ಸನ್ಯಾಸಿಗಳು ಕೂರುವ ಕಡೆಗೆ ನಮ್ಮನ್ನು ಬಿಡಲಿಲ್ಲ, ಜಾನ್ ಕಾಣಲಿಲ್ಲ. ಕಡಲತಡಿಯವರೇ, ನಿಮ್ಮ ಚಾಪೆಲ್‌ನಲ್ಲಿ ಎಲ್ಲಿ ನಿಂತು ನೋಡಬೇಕು?

ಕಡಲತಡಿ:

ಅಲ್ಲಿ ಬಿಲ್ಲೆ ಇಲ್ಲ ಅಕ್ಕಾ. ಸಂತರ ಬದುಕಿನ ಚಿತ್ರಗಳು ಛಾವಣಿಯ ನಡುವೆ ಸಾಲಾಗಿವೆ, ಬೆಂಚುಗಳ ನಡುವಿನ ದಾರಿಯಲ್ಲಿ ನಡೆಯುತ್ತ ನೋಡಬೇಕು. ಊರಿಗೆ ಬಂದಾಗ ತಿಳಿಸಿ. ಮಧ್ಯಾಹ್ನದ ಬಿಸಿಲು ಒಳಗೆ ಬೀಳುವ ಹೊತ್ತಿಗೆ ಹೋಗೋಣ, ಯಜಮಾನರನ್ನೂ ಕರೆತನ್ನಿ. ಅಲ್ಲಿ ಛಾವಣಿ ಗುಮ್ಮಟದಷ್ಟು ಎತ್ತರವಿಲ್ಲ, ಕತ್ತು ನೋಯುವುದಿಲ್ಲ.